ನಾಕು, ಮೂರು

ಪೇಪರಿನವರು ಬರದಾರ: ‘ಅಥಣಿ ಹುಡುಗೇರಿಗೆ ಕ್ರಿಕೆಟ್ ಕಪ್.’
ತಿದ್ದಸಬೇಕಂತ ಫೋನ್ ಹಚ್ಚಿದೆ, ಯಾರೂ ಎತ್ತಲಿಲ್ಲ.
ಅದಕ್ಕ ನಿಮಗ ಹೇಳತೇನಿ, ಕುಂದರ್ರಿ.
ಆ ತೊಗಲ ಮ್ಯಾಲ ಕಾಲಿಡಬ್ಯಾಡ್ರಿ, ಇನ್ನಾ ಹಸಿ ಐತಿ.

ಆಟದ ಹೆಸರು ಬೇಸ್‌ಬಾಲ್.
ಮೂರು ವರ್ಷದ ಹಿಂದ ನನಗೂ ಗೊತ್ತಿರಲಿಲ್ಲ.
ಹಣಗಂಡಿ ಮಾಸ್ತರ ಒಂದಿನ ಹರಕ ಗ್ಲೌಸ್ ತಂದು
‘ಇದರಂಗ ಒಂಬತ್ತು ಹೊಲೀತೀರೇನ್ರಿ ಕಾಕು?’ ಅಂದ.
ಕೈಗೆ ಹಾಕಿ ನೋಡಿದೆ, ಆನಿ ಕಿವಿ ಹಂಗಿತ್ತು.
ಮೂರು ತಲಿಯಿಂದ ಊರ ಕಾಲು ನೋಡಿದ ಮನೆತನ ನಮ್ದು;
ಕೈ ಅಳತಿ ತಗೊಂಡಿದ್ದು ಅವತ್ತ ಮೊದಲು.

ಜಾಲಿ ತೊಗಟಿ, ಅಳಲಿಕಾಯಿ ನೀರಿನ್ಯಾಗ ಹದಾ ಮಾಡಿದ
ಎಮ್ಮಿ ತೊಗಲು ಬಾಳ ಬಿರುಸಾತು, ಹುಡುಗೇರು ಅತ್ತರು.
ಆಮ್ಯಾಲ ಆಡಿನ ತೊಗಲು, ಒಳಗ ಹಳೇ ಕೌದಿ ಅರಿವಿ.
ರಂಪಿಗಿ ಹಿಡದು ಕೊರದಿದ್ದು ಮನ್ಯಾವ್ರು.
ಹೆಬ್ಬಟ್ಟಿಗೂ ತೋರಬಟ್ಟಿಗೂ ನಡಬರಕ ಒಂದು ಜಾಳಿಗಿ ಇರತೈತಲ್ಲ,
ಅದು ನಂದು.
ಲಗ್ನದ ಚಪ್ಲಿಗೆ ಹಾಕೋ ಏಳು ಎಳಿ ವೇಣಿ
ಅದಕ್ಕ ಹಾಕೀನಿ.

ಗ್ವಾಡಿ ನೋಡ್ರಿ, ಬಳಪದಾಗ ಎಲ್ಲಾ ಬರದೈತಿ.
ಮೊದಲ ವರ್ಷ ಆಡಿದ್ದು ಹನ್ನೊಂದು, ಸೋತಿದ್ದೂ ಹನ್ನೊಂದು.
ಬೆಳಗಾವ್ಯಾಗ ಇಪ್ಪತ್ತಾರು, ಸೊನ್ನಿ.
ದೀಪಾವಳಿಗೆ ಸುಣ್ಣಾ ಹಚ್ಚೂಣಂದ್ರು ಮಗಾ,
ಆ ಸೊನ್ನಿ ಇದ್ದಷ್ಟ ಜಾಗಾ ಬಿಟ್ಟು ಹಚ್ಚು ಅಂದೆ.

ಕಬ್ಬಿನ ಟ್ರ್ಯಾಕ್ಟರ್ ನಿಲ್ಲೂ ಬಯಲಾಗ ಪ್ರ್ಯಾಕ್ಟೀಸು,
ಬೇಸ್ ಅಂದ್ರ ಉಸುಕು ತುಂಬಿದ ಗೊಬ್ಬರ ಚೀಲಾ.
ಬ್ಯಾಟು ಬಡಿಗ್ಯಾರ ಮೌನೇಶ ಬೇವಿನ ಕಟಗ್ಯಾಗ ಮಾಡಿಕೊಟ್ಟ,
ಎರಡು ಮುರದ್ವು.
ಮೂರನೇದು ಈಗ ಸಾಲ್ಯಾಗ ಕಪ್ಪಿನ ಬಾಜೂಕ ನಿಂತೈತಿ.

ಫೈನಲ್ಲಿಗೆ ನಾನೂ ಹೋಗಿದ್ದೆ ವಿಜಯಪುರಕ್ಕ,
ಟೆಂಪೋದಾಗ, ಒಂದು ಕೊಡಾ ನೀರು ತೊಡಿ ಮ್ಯಾಲ ಇಟಗೊಂಡು.
ಹುಬ್ಬಳ್ಳಿ ಹುಡುಗೇರಿಗೆ ಮೊಳಿ ಬೂಟು, ಹೆಲ್ಮೆಟ್ಟು,
ನೀರು ಕೊಡಾಕ ಬ್ಯಾರೆ ಒಬ್ಬ ಮನಷ್ಯಾ, ಅವಗೂ ಟೋಪಿ.
ನಮ್ಮ ಗ್ಲೌಸ್ ನೋಡಿ ಅವರೊಳಗ ಒಬ್ಬಾಕಿ ನಕ್ಕಳು.
ನಗಲಿ.

ಬಾಲ್ ಒಗಿಯಾಕಿ ಮೆಹಜಬೀನ, ತತ್ತಿ ಗಾಡಿ ಮುಲ್ಲಾನ ಮಗಳು.
ಸಣ್ಣಾಕಿ ಇದ್ದಾಗಿಂದ ತತ್ತಿ ಎಣಿಸಿದ ಕೈ:
ಬಾಲ್ ಎಲ್ಲಿ ಒಡದೀತೋ ಅನ್ನೂ ಹಂಗ ಹಿಡೀತಾಳ,
ಒಗದ್ಲಂದ್ರ ಕಾಣೂದಿಲ್ಲ.
ಪದ್ಮಾವತಿ ಉಪಾಧ್ಯೆ ಮೂರನೇ ಚೀಲದಿಂದ ಓಡಿ ಬಂದು
ಮಣ್ಣಾಗ ಉಳ್ಳಿ ಎದ್ದಾಗ ನಮ್ದು ನಾಕು.

ಕಡೀ ಸರತಿ. ಅವರ್ದು ಮೂರು. ಇಬ್ಬರು ಔಟು, ಇಬ್ಬರು ಬೇಸ್ ಮ್ಯಾಲ.
ಆ ನಕ್ಕಾಕಿನ ಬಂದು ಹೊಡದ್ಲು.
ಬಾಲ್ ಹೊತ್ತಿನ ಕಣ್ಣಾಗ ಹೋತು, ಯಾರಿಗೂ ಕಾಣಲಿಲ್ಲ.
ನಮ್ಮ ಚಂಪಾ ಕಾಂಬಳೆ ಹಿಂದ, ಹಿಂದ, ಇನ್ನಾ ಹಿಂದ ಓಡಿ
ಕಣ್ಣು ಮುಚ್ಚಿಕೊಂಡ್ಲು.
(ನಾ ನೋಡೀನಿ. ಆಕಿ ಇಲ್ಲಂತಾಳ.)
ಕೈ ಎತ್ತಿದ್ಲು.

ಟಪ್.

ಕೊಡಾ ಎಲ್ಲಿ ಬಿತ್ತೋ ಗೊತ್ತಿಲ್ಲ.
ಬಾಲ್ ಅರ್ಧ ಹೊರಗ ಅರ್ಧ ಒಳಗ
ಜಾಳಿಗ್ಯಾಗ ಸಿಕ್ಕೊಂಡು ನಿಂತಿತ್ತು.
ಏಳು ಎಳಿವೊಳಗ ಎರಡು ಹರದಿದ್ವು,
ಐದು ತಡದ್ವು.

ಟ್ರ್ಯಾಕ್ಟರ್ ಮ್ಯಾಲ ಮೆರವಣಿಗಿ ಆತು, ಹೇಳೂದು ಬ್ಯಾಡ.
‘ಕ್ರಿಕೆಟ್ ಬರದವರ ಆಟಾ’ ಅಂತಿದ್ದ ಬಸ್‌ಸ್ಟ್ಯಾಂಡ್ ಹುಡುಗರ
ಗುಲಾಲ ತಂದ್ರು.
ಅಗಸ್ಯಾಗ ತಿರುಗಿ ಹೋಗೂ ಬ್ಯಾಂಡು
ಚಂಪಾನ ಮನಿ ಈ ಕಡೆ ಐತಿ ಅಂತ ನಮ್ಮ ಓಣ್ಯಾಗ ಬಂತು.
ನಾ ಲಗ್ನಾಗಿ ಬಂದು ನಲವತ್ತೆರಡು ವರ್ಷ;
ಆ ಬ್ಯಾಂಡು ಇಷ್ಟು ಸಪ್ಪಳ ಮಾಡತೈತಂತ ಗೊತ್ತಿರಲಿಲ್ಲ.

ಗ್ಲೌಸ್ ಇಲ್ಲೇ ಇಟ್ಟು ಹೋಗ್ಯಾಳ,
‘ಎರಡು ಎಳಿ ಹಾಕಿಡು ಕಾಕು’ ಅಂತ.
ಹಾಕಿಲ್ಲ ಇನ್ನಾ. ಬರೂ ಗಿರಾಕಿಗೆ ತೋರಸಬೇಕಲ್ಲ?
ಬೆಳ್ಳು ಹಾಕಿ ನೋಡ್ರಿ, ಇಲ್ಲಿ, ಈ ಹರಕಿನ್ಯಾಗ.

ನಿಮ್ಮ ಕಾಲು ಎಷ್ಟನೇ ನಂಬರ್ ಅಂದ್ರಿ?